ಸಮಸ್ಯೆ ಮಗನದು, ಮನೆಯವರೆಲ್ಲ ಯಾಕೆ ಬರಬೇಕು?

ಆಪ್ತಸಮಾಲೋಚನೆ ಕುರಿತು ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರವಿದೆ. ಬರೆದವರ ಹೆಸರು, ಗುರುತು ಕೈಬಿಟ್ಟಿದ್ದೇವೆ. ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇವೆ.

ಪ್ರಶ್ನೆ: ಆರು ತಿಂಗಳಿಂದ ಯಾವುದರಲ್ಲೂ ಆಸಕ್ತಿ ಇಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ. ಥೆರಪಿಸ್ಟ್ ಹತ್ತಿರ ಹೋದರೆ ಮನಸ್ಸಿನ ಸಂಕಟ ಕೇಳುವುದು ಬಿಟ್ಟು ಎಷ್ಟು ಗಂಟೆಗೆ ಮಲಗುತ್ತೀರಿ, ದಿನಕ್ಕೆ ಎಷ್ಟು ಕಾಫಿ, ಥೈರಾಯ್ಡ್ ಪರೀಕ್ಷೆ ಆಗಿದೆಯಾ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳುತ್ತ ಕೂತರು. ‘ಸಮಗ್ರ ವಿಧಾನ’ ಅಂದರೆ ಇದೇನಾ?

ಉತ್ತರ: ಹೌದು, ಇದೇ. ಅವರು ಸರಿಯಾದ ಕಡೆಯಿಂದಲೇ ಶುರುಮಾಡಿದ್ದಾರೆ. ಥೈರಾಯ್ಡ್ ಗ್ರಂಥಿಯ ಕೆಲಸ ಮಂದವಾದರೆ ಸುಸ್ತು, ಮಂಕು, ಮರೆವು, ಅಳು ಎಲ್ಲವೂ ಬರಬಹುದು. ಮೇಲ್ನೋಟಕ್ಕೆ ಅದು ಖಿನ್ನತೆಯೇ. ರಕ್ತಹೀನತೆ, ವಿಟಮಿನ್ ಬಿ12 ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಸ್ಟೆರಾಯ್ಡ್‌ನಂಥ ಔಷಧ, ದಿನನಿತ್ಯದ ಮದ್ಯ ಕೂಡ ಅದೇ ವೇಷ ಹಾಕುತ್ತವೆ. ರಕ್ತಪರೀಕ್ಷೆಯಲ್ಲಿ ಸಿಗುವ ಕಾರಣವನ್ನು ಬಾಲ್ಯದಲ್ಲಿ ಹುಡುಕುತ್ತ ನಾಲ್ಕು ತಿಂಗಳು ಕಳೆದವರಿದ್ದಾರೆ. ಹಾಗಂತ ದೇಹದಲ್ಲಿ ಏನಾದರೂ ಸಿಕ್ಕೇ ಸಿಗಬೇಕೆಂದಿಲ್ಲ. ಸಿಗದಿದ್ದರೆ ಆ ಬಾಗಿಲು ಮುಚ್ಚಿ ಮುಂದಕ್ಕೆ ಹೋಗಬಹುದು.

1977ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್, ಕಾಯಿಲೆಯನ್ನು ಬರೀ ದೇಹದ ಕೆಡುಕೆಂದು ನೋಡಿದರೆ ಸಾಲದು, ದೇಹ, ಮನಸ್ಸು, ಸುತ್ತಲಿನ ಬದುಕು ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು ಎಂದು ವಾದಿಸಿದರು. ‘ಸಮಗ್ರ’ ಎಂಬ ಮಾತಿಗೆ ಈ ಕ್ಷೇತ್ರದಲ್ಲಿ ಇರುವ ಗಟ್ಟಿ ಅರ್ಥ ಅದು.

ಮೊದಲ ಒಂದೆರಡು ಸೆಷನ್‌ನಲ್ಲಿ ಕೇಳಿದ್ದೆಲ್ಲ ನಾಲ್ಕು ಖಾನೆಗಳಲ್ಲಿ ಹೋಗಿ ಕೂರುತ್ತದೆ. ಮೊದಲಿನಿಂದ ಇದ್ದದ್ದೇನು: ಮನೆತನದಲ್ಲಿ ಇನ್ಯಾರಿಗಾದರೂ ಖಿನ್ನತೆ ಇತ್ತೇ, ಬಾಲ್ಯ ಹೇಗಿತ್ತು. ಕಿಡಿ ಹೊತ್ತಿಸಿದ್ದೇನು: ಕೆಲಸ ಹೋಯಿತೇ, ಯಾರಾದರೂ ತೀರಿಕೊಂಡರೇ. ಈಗಲೂ ಉರಿಯಲು ಸೌದೆ ಒಡ್ಡುತ್ತಿರುವುದೇನು. ಇಷ್ಟರ ನಡುವೆಯೂ ನಿಮ್ಮನ್ನು ಹಿಡಿದು ನಿಲ್ಲಿಸಿರುವುದೇನು. ಜನ ಎರಡನೆಯದನ್ನು ಮಾತಾಡಲು ಬರುತ್ತಾರೆ, ಕೆಲಸ ನಡೆಯುವುದು ಮೂರನೆಯದರ ಮೇಲೆ. ಕೆಲಸ ಹೋಗಿದ್ದು ಆರು ತಿಂಗಳ ಹಿಂದೆ ಎಂದುಕೊಳ್ಳಿ, ಅದನ್ನು ವಾಪಸು ತರಲಾಗದು. ಆದರೆ ಅಂದಿನಿಂದ ರಾತ್ರಿ ಎರಡಕ್ಕೆ ಮಲಗಿ ಹನ್ನೊಂದಕ್ಕೆ ಏಳುವುದು, ಗೆಳತಿಯ ಫೋನ್ ಎತ್ತದಿರುವುದು, ಎತ್ತದ್ದಕ್ಕೆ ನಾಚಿಕೊಂಡು ಮರುದಿನವೂ ಎತ್ತದಿರುವುದು, ಇದು ಇವತ್ತಿನ ಸೌದೆ. ಇದನ್ನು ಎಳೆದುಹಾಕಬಹುದು.

ನಿಮ್ಮ ಕೈಗೆ ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟಿರಬೇಕು, ಪಿಎಚ್‌ಕ್ಯೂ-9 ಎನ್ನುತ್ತಾರೆ. ಹಿಂದಿನ ಎರಡು ವಾರಗಳ ಬಗ್ಗೆ ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ, ಒಟ್ಟು 27. ಹತ್ತು ಮುಟ್ಟಿದರೆ ಮಧ್ಯಮ, ಇಪ್ಪತ್ತು ಮುಟ್ಟಿದರೆ ತೀವ್ರ. ಅದು ಖಿನ್ನತೆಯ ಅಳತೆಪಟ್ಟಿ, ರೋಗದ ಹೆಸರು ಹಚ್ಚುವ ಮೊಹರಲ್ಲ. ಒಂಬತ್ತನೆಯ ಪ್ರಶ್ನೆ ಮಾತ್ರ ಬೇರೆ ತೂಕದ್ದು. ಸಾಯುವ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಕುರಿತಾದ ಆ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೇನೇ ಬರೆದರೂ ಅದೇ ದಿನ, ಅದೇ ಕೋಣೆಯಲ್ಲಿ ಆ ಮಾತು ಮುಗಿಸಿಯೇ ಕಳಿಸಬೇಕು. ಹಾಗೆ ಕೇಳಿದರೆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ.

ಒಂದು ಎಚ್ಚರಿಕೆ. ‘ಸಮಗ್ರ’ ಎಂದ ಕೂಡಲೇ ಉತ್ಸಾಹದಲ್ಲಿ ಎಲ್ಲವನ್ನೂ ಒಂದೇ ಸೋಮವಾರ ಶುರುಮಾಡುವವರಿದ್ದಾರೆ: ನಡಿಗೆ, ಧ್ಯಾನ, ದಿನಚರಿ, ಊಟದ ಬದಲಾವಣೆ. ಎರಡನೇ ವಾರಕ್ಕೆ ಎಲ್ಲವೂ ಬಿದ್ದುಹೋಗಿ, ‘ನನ್ನ ಕೈಲಿ ಇದೂ ಆಗಲಿಲ್ಲ’ ಎಂಬ ಹೊಸ ಭಾರ ಹೆಗಲಿಗೇರುತ್ತದೆ. ನೋಡುವುದು ಎಲ್ಲವನ್ನೂ, ಮುಟ್ಟುವುದು ಒಂದನ್ನು ಅಥವಾ ಎರಡನ್ನು. ಮೊದಲ ವಾರಕ್ಕೆ ಏಳುವ ಹೊತ್ತು ಗಟ್ಟಿಮಾಡಿ, ದಿನಕ್ಕೊಂದು ಫೋನ್ ಎತ್ತಿದರೆ ಸಾಕು.

ಪ್ರಶ್ನೆ: ಹನ್ನೊಂದು ವರ್ಷದ ಮಗ ಎರಡು ತಿಂಗಳಿಂದ ಶಾಲೆಗೆ ಒಲ್ಲೆ ಎನ್ನುತ್ತಾನೆ. ಬೆಳಿಗ್ಗೆ ಹೊಟ್ಟೆನೋವು, ಹತ್ತು ಗಂಟೆ ಹೊತ್ತಿಗೆ ಮಾಯ. ಮಕ್ಕಳ ವೈದ್ಯರು ಪರೀಕ್ಷೆ ಮಾಡಿ ಏನೂ ಇಲ್ಲ ಎಂದರು. ಈಗ ಕೌನ್ಸೆಲರ್ ನಮ್ಮಿಬ್ಬರನ್ನೂ ಅವನ ಅಕ್ಕನನ್ನೂ ಬರಹೇಳಿದ್ದಾರೆ. ತಪ್ಪು ನಮ್ಮದೇ ಎಂದು ಹೇಳಲಿಕ್ಕಾ?

ಉತ್ತರ: ಅಲ್ಲ. ತಪ್ಪು ಯಾರದು ಎಂದು ಹುಡುಕುವ ಕೌನ್ಸೆಲರ್ ಸಿಕ್ಕರೆ ಬೇರೊಬ್ಬರನ್ನು ನೋಡಿ. ಹೊಟ್ಟೆನೋವು ನಾಟಕವೂ ಅಲ್ಲ. ಹೆದರಿಕೆಯಾದಾಗ ಕರುಳು ನಿಜಕ್ಕೂ ಹಿಂಡುತ್ತದೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ರಜೆಯಲ್ಲೂ ಬಿಡದ ನೋವು, ತೂಕ ಇಳಿಯುವುದು ಕಂಡರೆ ಮತ್ತೆ ವೈದ್ಯರ ಬಳಿ ಹೋಗಬೇಕು.

ಮನೆಯಲ್ಲಿ ನಡೆಯುವುದನ್ನು ನಿಧಾನಗತಿಯಲ್ಲಿ ನೋಡಿ. ಏಳು ಗಂಟೆಗೆ ಹುಡುಗ ಹೊಟ್ಟೆ ಹಿಡಿದು ಕೂರುತ್ತಾನೆ. ಒಬ್ಬರು ‘ಎಲ್ಲ ಸುಳ್ಳು, ಎಬ್ಬಿಸು’ ಎಂದು ಗದರುತ್ತಾರೆ. ಗದರಿದ್ದು ಕಂಡು ಇನ್ನೊಬ್ಬರು ಅವನ ಪರ ನಿಲ್ಲುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎಂಟೂವರೆಗೆ ‘ಇವತ್ತೊಂದು ದಿನ ಇರಲಿ’ ಎಂದಾಗುತ್ತದೆ. ಹೆದರಿಕೆ ಸರ್ರನೆ ಇಳಿಯುತ್ತದೆ, ನೋವು ಹೋಗುತ್ತದೆ. ಆ ನಿರಾಳವೇ ಅವನಿಗೆ ಪಾಠ ಕಲಿಸುವುದು: ಮನೆಯಲ್ಲಿ ಉಳಿದರೆ ವಾಸಿ. ನಾಳೆಯ ನೋವು ಇವತ್ತಿನದಕ್ಕಿಂತ ಜೋರಾಗುತ್ತದೆ. ಇದರಲ್ಲಿ ಕೆಟ್ಟವರು ಯಾರೂ ಇಲ್ಲ, ಆದರೆ ಚಕ್ರ ತಿರುಗುವುದಕ್ಕೆ ಮೂವರೂ ಬೇಕು. ಆದ್ದರಿಂದಲೇ ಮೂವರನ್ನೂ ಕರೆಯುತ್ತಾರೆ. ಅಕ್ಕನನ್ನು ಕರೆಯುವುದು ಬೇರೆ ಕಾರಣಕ್ಕೆ. ಮನೆಯಲ್ಲಿ ದೊಡ್ಡವರು ಆಡದ ಮಾತು ಗೊತ್ತಿರುವುದು ಸಾಮಾನ್ಯವಾಗಿ ಅವಳಿಗೆ.

ಒಬ್ಬರ ಸೆಷನ್ 45ರಿಂದ 50 ನಿಮಿಷದ್ದಾದರೆ ಮನೆಮಂದಿಯದು 75ರಿಂದ 90 ನಿಮಿಷ. ನೀವು ಕುರ್ಚಿ ಆರಿಸಿಕೊಳ್ಳುವಾಗಲೇ ಅವರ ಕೆಲಸ ಶುರುವಾಗಿರುತ್ತದೆ. ಮಗ ಯಾರಿಗೆ ಅಂಟಿ ಕೂತ, ಅವನನ್ನು ಕೇಳಿದ ಪ್ರಶ್ನೆಗೆ ಯಾರು ಉತ್ತರ ಕೊಟ್ಟರು, ಯಾರು ಮಾತಾಡುವಾಗ ಯಾರು ಕಿಟಕಿ ನೋಡಿದರು. ಸಾಲ್ವಡಾರ್ ಮಿನುಚಿನ್ ಎಂಬ ಚಿಕಿತ್ಸಕ 1960-70ರ ದಶಕಗಳಲ್ಲಿ ಕಟ್ಟಿದ ಪದ್ಧತಿಯಲ್ಲಿ ಥೆರಪಿಸ್ಟ್ ಕೆಲವೊಮ್ಮೆ ಎದ್ದು ಕುರ್ಚಿಯನ್ನೇ ಬದಲಿಸುತ್ತಾರೆ. ಅಪ್ಪ-ಅಮ್ಮನ ನಡುವೆ ಕೂತ ಮಗನನ್ನು ಪಕ್ಕಕ್ಕೆ ಕಳಿಸಿ, ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ಮಾತಾಡುವಂತೆ ಮಾಡುತ್ತಾರೆ. ಸಣ್ಣ ಸಂಗತಿ ಅನಿಸಬಹುದು. ಮಾಡಿದ ಮೇಲೆ ಕೋಣೆಯಲ್ಲಿ ಕವಿಯುವ ಮೌನ ಕೇಳಿ, ಸಣ್ಣದಲ್ಲ ಎಂದು ಗೊತ್ತಾಗುತ್ತದೆ.

ಆಮೇಲೆ ವಂಶನಕ್ಷೆ ಬರುತ್ತದೆ, ಜೀನೋಗ್ರಾಮ್. ದೊಡ್ಡ ಹಾಳೆಯಲ್ಲಿ ಮೂರು ತಲೆಮಾರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಕೊಂಡವರ ಮೇಲೆ ಗುಣಾಕಾರದ ಗುರುತು. ಹತ್ತಿರದವರ ನಡುವೆ ಜೋಡಿಗೆರೆ, ಜಗಳವಿದ್ದಲ್ಲಿ ಅಂಕುಡೊಂಕು ಗೆರೆ, ಮಾತು ನಿಂತಲ್ಲಿ ಕಡಿದ ಗೆರೆ. ಪಕ್ಕದಲ್ಲಿ ಇಸವಿಗಳು. ಕಣ್ಣು ತೆರೆಸುವುದು ಬಹುಪಾಲು ಈ ಇಸವಿಗಳೇ. ಮಗ ಶಾಲೆ ಬಿಟ್ಟ ತಿಂಗಳು, ಅಜ್ಜಿಗೆ ಕಾಯಿಲೆ ಕಂಡ ತಿಂಗಳು, ಅಪ್ಪನ ಕೆಲಸದ ವೇಳೆ ಬದಲಾದ ತಿಂಗಳು ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಇಬ್ಬರ ನಡುವಿನ ಬಿಗಿತ ತಾಳಲಾಗದಷ್ಟು ಏರಿದಾಗ ಮೂರನೆಯವರನ್ನು ಎಳೆದುಕೊಳ್ಳುವುದನ್ನು ಮನೋವೈದ್ಯ ಮರ್ರಿ ಬೋವೆನ್ ‘ತ್ರಿಕೋನ’ ಎಂದರು. ಗಂಡ-ಹೆಂಡತಿ ಮಗನ ಶಾಲೆಯ ಬಗ್ಗೆ ಜಗಳವಾಡುತ್ತಿರುವಷ್ಟು ಕಾಲ ತಮ್ಮಿಬ್ಬರ ಜಗಳ ಆಡಬೇಕಾಗಿಲ್ಲ. ಮಗನಿಗೆ ಇದು ಗೊತ್ತಿರುವುದಿಲ್ಲ, ಆದರೆ ಅವನ ಹೊಟ್ಟೆಗೆ ಗೊತ್ತಿರುತ್ತದೆ.

ಇನ್ನೊಂದು ಉಪಕರಣ ಸುತ್ತುಪ್ರಶ್ನೆ. ‘ನಿನಗೆ ಬೇಜಾರಾಗುತ್ತದಾ’ ಎಂದು ಹುಡುಗನನ್ನು ಕೇಳಿದರೆ ಹೆಗಲು ಕುಣಿಸುತ್ತಾನೆ. ಅದರ ಬದಲು ಅಕ್ಕನನ್ನು ಕೇಳುತ್ತಾರೆ: ‘ತಮ್ಮ ಶಾಲೆಗೆ ಹೋಗದ ದಿನ ಅಮ್ಮ ಹೆಚ್ಚು ಸುಮ್ಮನಿರುತ್ತಾರಾ, ಅಪ್ಪನಾ? ನಾಳೆಯಿಂದಲೇ ಅವನು ಹೋಗಲು ಶುರುಮಾಡಿದರೆ ಮನೆಯಲ್ಲಿ ಮೊದಲು ಬದಲಾಗುವವರು ಯಾರು?’ ಕೇಳುವವರ ಕಣ್ಣು ಅಕ್ಕನ ಮೇಲಿದ್ದರೂ ಗಮನವೆಲ್ಲ ಉಳಿದ ಮೂವರ ಮುಖದ ಮೇಲೆ.

ಇದೆಲ್ಲ ನಡೆಯುತ್ತಿರುವಾಗಲೇ ಶಾಲೆಯ ಕೆಲಸವೂ ಶುರುವಾಗಬೇಕು. ಮೂಲ ಕಾರಣ ತಿಳಿದ ಮೇಲೆ ಶಾಲೆ ಎಂದು ಕಾದರೆ ಒಂದೊಂದು ವಾರಕ್ಕೂ ವಾಪಸು ಹೋಗುವುದು ಕಷ್ಟವಾಗುತ್ತದೆ. ಮೆಟ್ಟಿಲು ಕಟ್ಟಿ. ಮೊದಲನೆಯದು, ಮಾಮೂಲು ಹೊತ್ತಿಗೆ ಎದ್ದು ಶಾಲೆಯ ಬಟ್ಟೆ ಹಾಕಿ ಚೀಲ ಹೊರುವುದು, ಅಷ್ಟೇ. ಎರಡನೆಯದು, ಗೇಟಿನವರೆಗೆ ಹೋಗಿ ಹತ್ತು ನಿಮಿಷ ನಿಲ್ಲುವುದು. ಆಮೇಲೆ ಗ್ರಂಥಾಲಯದಲ್ಲಿ ಅರ್ಧ ಗಂಟೆ, ಅವನಿಗೆ ಹಿಡಿಸುವ ಒಂದು ಪೀರಿಯಡ್, ಊಟದ ಬಿಡುವಿನವರೆಗೆ, ಪೂರ್ತಿ ದಿನ. ಪ್ರತಿ ಮೆಟ್ಟಿಲಲ್ಲೂ ಹೆದರಿಕೆಗೆ 0ಯಿಂದ 10ರೊಳಗೆ ಅವನೇ ಅಂಕ ಕೊಡಲಿ. ಎಂಟಿದ್ದದ್ದು ನಾಲ್ಕಕ್ಕೆ ಇಳಿಯುವವರೆಗೆ ಅದೇ ಮೆಟ್ಟಿಲು. ಹೆದರಿಕೆ ತುತ್ತತುದಿಯಲ್ಲಿದ್ದಾಗ ಮನೆಗೆ ಕರೆತಂದರೆ ಅವತ್ತಿನ ಪಾಠ ಉಲ್ಟಾ ಆಗುತ್ತದೆ. ಮನೆಯಲ್ಲಿ ಉಳಿದ ದಿನ ಶಾಲೆಯ ಹೊತ್ತಿನಲ್ಲಿ ಟಿವಿ, ಮೊಬೈಲ್ ಇಲ್ಲ, ವಿಶೇಷ ಮುದ್ದೂ ಇಲ್ಲ. ಶಿಕ್ಷೆಯ ದಿನವಾಗಬೇಕಿಲ್ಲ, ಸಪ್ಪೆ ದಿನವಾದರೆ ಸಾಕು.

ಇದು ಕೈಕೊಡುವುದು ಎರಡು ಕಡೆ. ಒಂದು, ಶಾಲೆಯಲ್ಲಿ ಯಾರಾದರೂ ಪೀಡಿಸುತ್ತಿದ್ದರೆ ಅಥವಾ ಅವನಿಗೆ ಓದು-ಬರಹದಲ್ಲೇ ಕಲಿಕೆಯ ತೊಡಕಿದ್ದರೆ. ಆಗ ಹೆದರಿಕೆಗೆ ಸಕಾರಣವಿದೆ, ಅದನ್ನು ಸರಿಪಡಿಸದೆ ಮೆಟ್ಟಿಲು ಹತ್ತಿಸುವುದು ಕ್ರೌರ್ಯ. ಇನ್ನೊಂದು, ರಜೆ ಮುಗಿದ ಮೊದಲ ದಿನ. ಎಲ್ಲ ಸರಿಹೋಯಿತು ಎಂದುಕೊಂಡಿರುವಾಗ ಹೊಟ್ಟೆನೋವು ಹಾಜರಾಗುತ್ತದೆ. ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅಪ್ಪ-ಅಮ್ಮ ಹಿಂದಿನ ರಾತ್ರಿಯೇ ಒಂದು ಮಾತಿಗೆ ಬಂದಿರುತ್ತಾರೆ: ಎಬ್ಬಿಸುವುದು ಒಬ್ಬರೇ, ಇನ್ನೊಬ್ಬರು ಬಾಯಿ ಹಾಕುವುದಿಲ್ಲ.

ಪ್ರಶ್ನೆ: ನಮ್ಮ ಜಗಳ ಐದು ನಿಮಿಷದಲ್ಲಿ ಮಿತಿಮೀರುತ್ತದೆ. ಗಂಡ ಎದ್ದು ಹೊರಗೆ ಹೋಗಿಬಿಡುತ್ತಾರೆ. ಹೋದರೆ ಅವಮಾನ, ಇದ್ದರೆ ಕೂಗಾಟ. ಜೋಡಿಯಾಗಿ ಥೆರಪಿಗೆ ಹೋಗಲೇ, ಬೇರೆಬೇರೆಯಾಗಿಯೇ?

ಉತ್ತರ: ಮೊದಲು ಒಂದು ಪ್ರಶ್ನೆ ನಿಮಗೇ. ಮನೆಯಲ್ಲಿ ಹೊಡೆತ, ಬೆದರಿಕೆ, ಹಣ ಅಥವಾ ಫೋನ್ ಕಿತ್ತುಕೊಳ್ಳುವುದು ಇದೆಯೇ? ಇದ್ದರೆ ಜೋಡಿ ಸೆಷನ್ ಬೇಡ. ಅಲ್ಲಿ ಆಡಿದ ನಿಜಕ್ಕೆ ಮನೆಗೆ ಬಂದ ಮೇಲೆ ಬೆಲೆ ತೆರಬೇಕಾಗುತ್ತದೆ. ಬಲ್ಲ ಥೆರಪಿಸ್ಟ್ ಜೋಡಿಯನ್ನು ಒಪ್ಪಿಕೊಳ್ಳುವ ಮೊದಲು ಇಬ್ಬರನ್ನೂ ಒಂದೊಂದು ಸಲ ಒಬ್ಬೊಬ್ಬರಾಗಿ ನೋಡುವುದು ಇದನ್ನು ತಿಳಿಯಲೆಂದೇ. ಆ ಒಂಟಿ ಸೆಷನ್‌ನಲ್ಲಿ ಹೇಳಿದ ಗುಟ್ಟು ಜೋಡಿ ಸೆಷನ್‌ಗೆ ಬರುತ್ತದೋ ಇಲ್ಲವೋ ಎಂಬ ನಿಯಮವನ್ನು ಮೊದಲ ದಿನವೇ ಕೇಳಿಕೊಳ್ಳಿ. ಕೇಳದೆ ಹೋಗಿ ಮೂರನೇ ವಾರ ಸಿಕ್ಕಿಬೀಳುವವರು ತುಂಬ.

ಅದ್ಯಾವುದೂ ಇಲ್ಲವಾದರೆ ಜೋಡಿಯಾಗಿಯೇ ಹೋಗಿ. ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಮತ್ತು ಸಂಗಡಿಗರು ವಾದಕ್ಕೆ ಕೂತ ದಂಪತಿಗಳ ಎದೆಬಡಿತ ಅಳೆದು ನೋಡಿದವರು. ಕೂತಲ್ಲೇ ನಿಮಿಷಕ್ಕೆ ನೂರರ ಮೇಲೆ ಹೋದಾಗ ಕಿವಿಗೆ ಬಿದ್ದದ್ದು ತಲೆಗೆ ಹೋಗುವುದಿಲ್ಲ. ಆಗ ಏಳುವುದು ಸರಿಯೇ, ಎದ್ದು ಹೋಗುವ ರೀತಿ ತಪ್ಪಿರಬಹುದು. ಎದ್ದವರು ಎರಡು ಮಾತು ಹೇಳಬೇಕು: ‘ನನಗೆ ತಲೆ ಓಡುತ್ತಿಲ್ಲ. ಎಂಟೂವರೆಗೆ ಬಂದು ಇದೇ ಮಾತು ಮುಂದುವರಿಸುತ್ತೇನೆ.’ ಬಿಡುವು ಇಪ್ಪತ್ತು ನಿಮಿಷಕ್ಕೆ ಕಡಿಮೆ ಬೇಡ, ದೇಹ ತಣಿಯಲು ಅಷ್ಟು ಬೇಕು. ಮರುದಿನಕ್ಕೆ ತಳ್ಳುವುದೂ ಬೇಡ. ಆ ಹೊತ್ತಿನಲ್ಲಿ ‘ಹೀಗೆ ಅಂದಳಲ್ಲ, ಹೀಗೆ ಹೇಳಬೇಕಿತ್ತು’ ಎಂದು ಮನಸ್ಸಿನಲ್ಲೇ ವಾದ ಮುಂದುವರಿಸಿದರೆ ಎದೆಬಡಿತ ಇಳಿಯುವುದಿಲ್ಲ. ನಡೆಯಿರಿ, ಪಾತ್ರೆ ತೊಳೆಯಿರಿ. ಹೇಳಿದ ಹೊತ್ತಿಗೆ ವಾಪಸು ಬರುವುದು ಮಾತ್ರ ಎದ್ದು ಹೋದವರ ಜವಾಬ್ದಾರಿ. ಒಮ್ಮೆ ತಪ್ಪಿದರೂ ಈ ಉಪಾಯಕ್ಕೆ ಬೆಲೆ ಹೋಗುತ್ತದೆ.

ಪ್ರಶ್ನೆ: ಮಲಗಿದ ಕೂಡಲೇ ಚಿಂತೆಗಳ ಮೆರವಣಿಗೆ. ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದರೂ ನಿದ್ದೆ ಆರೇ ಗಂಟೆ. ಥೆರಪಿಸ್ಟ್ ‘ಕಡಿಮೆ ಮಲಗಿ’ ಎಂದರು!

ಉತ್ತರ: ಸರಿಯಾಗಿಯೇ ಹೇಳಿದ್ದಾರೆ. ಒಂಬತ್ತರಲ್ಲಿ ಆರು ಅಂದರೆ ಶೇ 67. ಉಳಿದ ಮೂರು ಗಂಟೆ ನಿಮ್ಮ ಹಾಸಿಗೆ ಚಿಂತೆ ಮಾಡುವ ಜಾಗವಾಗಿ ಪಳಗುತ್ತಿದೆ. ಹಾಸಿಗೆಯ ಹೊತ್ತನ್ನು ಆರು ಗಂಟೆಗೆ ಇಳಿಸಿ, ಐದಕ್ಕಿಂತ ಕೆಳಗೆ ಎಂದೂ ಬೇಡ. ಏಳುವ ಹೊತ್ತು ಭಾನುವಾರವೂ ಒಂದೇ. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಮಂದ ಬೆಳಕಿನಲ್ಲಿ ಕೂತು, ಕಣ್ಣೆಳೆದಾಗ ಬನ್ನಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ನಿದ್ದೆಯ ಪಾಲು ಶೇ 85 ದಾಟಿದ ವಾರ ಹದಿನೈದು ನಿಮಿಷ ಸೇರಿಸಿ. ಮೊದಲ ಹತ್ತು ದಿನ ಹಗಲು ತೂಕಡಿಕೆ ಜಾಸ್ತಿ, ಹೆಚ್ಚಿನವರು ಕೈಬಿಡುವುದು ಅಲ್ಲೇ. ವಾಹನ ಓಡಿಸುವ ಕೆಲಸದವರು, ಮೂರ್ಛೆರೋಗ ಅಥವಾ ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಚಿಂತೆಗಳಿಗೆ ಸಂಜೆ ಹದಿನೈದು ನಿಮಿಷ, ಒಂದು ಹಾಳೆ, ಒಂದು ಪೆನ್ನು ಮೀಸಲಿಡಿ. ಕಾಫಿ ಮಧ್ಯಾಹ್ನಕ್ಕೆ ಮುಗಿಯಲಿ. ಕೆಫೀನ್ ಅರ್ಧಕ್ಕೆ ಇಳಿಯಲೇ ಸುಮಾರು ಐದು ಗಂಟೆ ಬೇಕು.

ಪ್ರಶ್ನೆ: ನನಗೆ 16. ನಾನು ಹೇಳಿದ್ದನ್ನು ಕೌನ್ಸೆಲರ್ ಅಪ್ಪ-ಅಮ್ಮನಿಗೆ ಹೇಳುತ್ತಾರಾ?

ಉತ್ತರ: ಮಾಮೂಲು ಮಾತುಗಳನ್ನು ಹೇಳುವುದಿಲ್ಲ. ನೀನು ನಿನಗೆ ಅಪಾಯ ಮಾಡಿಕೊಳ್ಳುವಂತಿದ್ದರೆ, ಇನ್ನೊಬ್ಬರಿಗೆ ಮಾಡುವಂತಿದ್ದರೆ, ನಿನ್ನ ಮೇಲೆ ಯಾರಾದರೂ ದೌರ್ಜನ್ಯ ಮಾಡುತ್ತಿದ್ದರೆ ಹೇಳಲೇಬೇಕಾಗುತ್ತದೆ. ಆಗಲೂ ಯಾರಿಗೆ, ಯಾವ ಮಾತಿನಲ್ಲಿ ಎಂದು ಮೊದಲು ನಿನ್ನ ಜೊತೆ ಕೂತು ತೀರ್ಮಾನಿಸುವುದು ಒಳ್ಳೆಯ ಪದ್ಧತಿ. ಮೊದಲ ಸೆಷನ್ನಿನ ಮೊದಲ ಐದು ನಿಮಿಷದಲ್ಲಿ, ಅಪ್ಪ-ಅಮ್ಮ ಎದುರಿಗಿರುವಾಗಲೇ, ಈ ಗಡಿ ಕೇಳು. ಅವರೂ ಕೇಳಿಸಿಕೊಂಡರೆ ಆಮೇಲೆ ಕಾರಿನಲ್ಲಿ ವಿಚಾರಣೆ ನಡೆಯುವುದಿಲ್ಲ.

ಪ್ರಶ್ನೆ: ಹರಳು, ಡಿಟಾಕ್ಸ್, ಧ್ಯಾನ ಎಲ್ಲಕ್ಕೂ ‘ಹೋಲಿಸ್ಟಿಕ್’, ಅಂದರೆ ಸಮಗ್ರ, ಎನ್ನುತ್ತಾರೆ. ನಮ್ಮ ಥೆರಪಿಸ್ಟೇ ಹರಳು ಮಾರುತ್ತಾರೆ. ಖಿನ್ನತೆಯ ಮಾತ್ರೆ ನಿಲ್ಲಿಸಿ ಎಂದೂ ಒಬ್ಬರು ಹೇಳಿದರು.

ಉತ್ತರ: ಮಾತ್ರೆ ನಿಲ್ಲಿಸಿ ಎಂದವರ ಬಳಿ ಮತ್ತೆ ಹೋಗಬೇಡಿ. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಥಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ, ತಲೆಯಲ್ಲಿ ಕರೆಂಟು ಹೊಡೆದಂಥ ಅನುಭವ ಬರಬಹುದು. ಇಳಿಸುವುದು ಬರೆದುಕೊಟ್ಟ ವೈದ್ಯರ ಕೆಲಸ, ಅದೂ ಹಂತಹಂತವಾಗಿ. ಧ್ಯಾನ ಹಲವರಿಗೆ ಒಳ್ಳೆಯದು. ಆದರೆ ಹಳೆಯ ಆಘಾತ ಇರುವವರಿಗೆ ಕಣ್ಣುಮುಚ್ಚಿ ಕೂತರೆ ಅದೇ ದೃಶ್ಯ ಮರುಕಳಿಸಬಹುದು. ಅಂಥವರು ಕಣ್ಣು ತೆರೆದೇ, ಪಾದ ನೆಲಕ್ಕೂರಿ, ಐದೆಣಿಕೆ ಒಳಗೆ ಐದೆಣಿಕೆ ಹೊರಗೆ ಎಂದು ಉಸಿರಾಡಲಿ, ಎರಡು ನಿಮಿಷ ಸಾಕು. ಹರಳಿನ ಬಗ್ಗೆ ಹೇಳಲು ಏನೂ ಇಲ್ಲ, ಅದನ್ನು ಥೆರಪಿಸ್ಟೇ ಮಾರುತ್ತಿದ್ದಾರೆ ಎಂಬುದನ್ನು ಬಿಟ್ಟು.

ಪ್ರಶ್ನೆ: ಎಂಟು ಸೆಷನ್ ಆಯಿತು. ಹೋಗಿಬಂದ ದಿನ ಹಗುರ, ಮೂರನೇ ದಿನಕ್ಕೆ ಮತ್ತದೇ. ಬಿಡಲೇ, ಮುಂದುವರಿಸಲೇ?

ಉತ್ತರ: ಬಿಡುವ ಮೊದಲು ಒಂದು ಸೆಷನ್ ಇದೇ ಮಾತಿಗೆ ಮೀಸಲಿಡಿ. ‘ನನಗೆ ಹಗುರವಾಗುತ್ತಿದೆ, ಬದಲಾಗುತ್ತಿಲ್ಲ’ ಎಂದು ಹೀಗೆಯೇ ಹೇಳಿ. ಥೆರಪಿಯಲ್ಲಿ ಸರಿಹೋಗುವ ಬದಲು ಇನ್ನಷ್ಟು ಹದಗೆಡುವವರು ನೂರಕ್ಕೆ ಐದರಿಂದ ಹತ್ತರಷ್ಟಿದ್ದಾರೆ. ಅದನ್ನು ಥೆರಪಿಸ್ಟ್ ತಾವಾಗಿ ಗುರುತಿಸುವುದು ಕಡಿಮೆ, ನೀವು ಹೇಳಿದರೇ ಗೊತ್ತಾಗುವುದು. ಅವರು ಮುಖ ಸಣ್ಣದು ಮಾಡಿಕೊಂಡರೆ ಅದೂ ಒಂದು ಉತ್ತರ.

ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಥೆರಪಿಸ್ಟ್ ಮತ್ತು ಬಂದವರ ನಡುವಿನ ಒಪ್ಪಂದಕ್ಕೆ ಮೂರು ಕಾಲು: ಎಲ್ಲಿಗೆ ಹೋಗಬೇಕೆಂಬ ಗುರಿ, ಅದಕ್ಕೆ ಮಾಡುವ ಕೆಲಸ, ಇಬ್ಬರ ನಡುವಿನ ನಂಟು. ಹೋಗಿಬಂದ ದಿನ ಹಗುರವಾಗುತ್ತಿದೆ ಎಂದರೆ ನಂಟು ಚೆನ್ನಾಗಿದೆ. ಗುರಿ ಅಥವಾ ಕೆಲಸ ಕುಂಟುತ್ತಿದೆ. ‘ನೆಮ್ಮದಿ ಬೇಕು’ ಎಂಬುದು ಗುರಿಯಾಗಿದ್ದರೆ ಅದನ್ನು ಒಡೆಯಿರಿ: ನೆಮ್ಮದಿ ಬಂದ ದಿನ ಬೆಳಿಗ್ಗೆ ನೀವು ಮಾಡುವ ಯಾವ ಕೆಲಸ ನೋಡಿ ಮನೆಯವರಿಗೆ ಅದು ಗೊತ್ತಾಗುತ್ತದೆ? ಸೊನ್ನೆಯಿಂದ ಹತ್ತರಲ್ಲಿ ಈಗ ಎಷ್ಟು? ಮೂರು ಎಂದರೆ, ಎರಡು ಯಾಕಲ್ಲ? ಒಂದಂಕಿ ಏರಲು ಈ ವಾರ ಏನು ನಡೆಯಬೇಕು? ಎರಡು ಸೆಷನ್ನಿನ ನಡುವಿನ ಆರು ದಿನಕ್ಕೆ ಏನೂ ಕೆಲಸ ಕೊಡುತ್ತಿಲ್ಲವಾದರೆ ಕೇಳಿ ಪಡೆಯಿರಿ. ಮಾತಿನ ಹಗುರ ಮೂರು ದಿನ ಬಾಳುವುದೇ ಹೆಚ್ಚು.

ಹೀಗೆ ಮಾತಾಡಿದ ಮೇಲೆ ಇನ್ನೂ ನಾಲ್ಕು ಸೆಷನ್ ನೋಡಿ. ಅಂಕಿ ಕದಲದಿದ್ದರೆ ಬೇರೆ ವಿಧಾನದವರಿಗೆ ಕಳಿಸಿಕೊಡಿ ಎನ್ನಿ, ಅದರಲ್ಲಿ ಕೃತಘ್ನತೆ ಏನಿಲ್ಲ. ಕದಲಿದರೆ ವಾರಕ್ಕೊಮ್ಮೆಯಿಂದ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಎಂದು ಅಂತರ ಹಿಗ್ಗಿಸಿ. ಕೊನೆಯ ಸೆಷನ್ನಿನಲ್ಲಿ ಒಂದು ಪುಟ ಬರೆದುಕೊಳ್ಳಿ: ಮತ್ತೆ ಕೆಡುವಾಗ ಮೊದಲು ಏನು ಕೆಡುತ್ತದೆ, ಆಗ ಮಾಡಬೇಕಾದ ಮೊದಲ ಕೆಲಸ ಯಾವುದು, ಯಾರಿಗೆ ಫೋನ್ ಮಾಡಬೇಕು. ಒಂದು ಪ್ರತಿ ಮನೆಯ ಇನ್ನೊಬ್ಬರ ಕೈಲಿರಲಿ. ನಿಮ್ಮ ನಿದ್ದೆ ಕೆಟ್ಟದ್ದು ನಿಮಗಿಂತ ಮೊದಲು ತಿಳಿಯುವುದು ಪಕ್ಕದಲ್ಲಿ ಮಲಗುವವರಿಗೆ.